ಅಲೆಯೂರಿನ ಬಸ್ಸು

ದಕ್ಷಿಣ ಅಮೆರಿಕದ ಈಕ್ವಡಾರ್ ದೇಶದಲ್ಲಿ, ಭೂಮಧ್ಯರೇಖೆಯಿಂದ ದಕ್ಷಿಣಕ್ಕೆ ಎರಡು ಡಿಗ್ರಿಯಷ್ಟೂ ದೂರವಿಲ್ಲದ ಪೆಸಿಫಿಕ್ ತೀರದಲ್ಲಿ, ಮೊಂತಾನ್ಯಿತವೆಂಬ ಪುಟ್ಟ ಊರೊಂದಿದೆ. ಅರ್ಧ ಶತಮಾನದ ಹಿಂದೆ ಬೆಸ್ತರ ಕೆಲವು ಗುಡಿಸಲುಗಳ ಹೊರತು ಹೇಳಿಕೊಳ್ಳತಕ್ಕದ್ದೇನೂ ಇಲ್ಲದಿದ್ದ ಈ ಗ್ರಾಮವು, ತನ್ನ ಉತ್ತರದ ಕೊನೆಯಲ್ಲಿ ಸಮುದ್ರದೊಳಕ್ಕೆ ಚಾಚಿಕೊಂಡಿರುವ ಒಂದು ಬಂಡೆಯ ಭೂಶಿರದ ಪುಣ್ಯದಿಂದ, ಇಂದು ಹಲಗೆಯ ಮೇಲೆ ನಿಂತು ಅಲೆಯೇರುವ ಸರ್ಫಿಂಗ್ ಕ್ರೀಡೆಯ ವ್ಯಸನಿಗಳಿಗೂ, ಅಲೆಯ ಗೊಡವೆಗೆ ಹೋಗದೆ ರಾತ್ರಿಯ ಗದ್ದಲವನ್ನಷ್ಟೇ ಅರಸಿ ಬರುವವರಿಗೂ ಏಕಪ್ರಕಾರವಾಗಿ ಯಾತ್ರಾಸ್ಥಳವಾಗಿ ಪರಿಣಮಿಸಿದೆ. ಅಲ್ಲಿಗೆ ಹೋಗತಕ್ಕವರು ಸಾಮಾನ್ಯವಾಗಿ ಗ್ವಾಯಾಕಿಲ್ ಮಹಾನಗರದಿಂದ ಹೊರಡುತ್ತಾರೆ. ದೂರ ಸುಮಾರು ನೂರೆಂಬತ್ತು ಕಿಲೋಮೀಟರು. ಮಾರ್ಗ ಒಂದೇ ಆದರೂ ವಾಹನಗಳು ಎರಡು ಬಗೆ. ವಿಮಾನನಿಲ್ದಾಣದ ಬಾಗಿಲಿಗೇ ಬಂದು ನಿಂತು, ಕಪ್ಪು ಗಾಜಿನ ಹಿಂದೆ ತಣ್ಣನೆಯ ಗಾಳಿಯಲ್ಲಿ ಕೂರಿಸಿಕೊಂಡು, ಮೊಂತಾನ್ಯಿತದ ವಸತಿಗೃಹದ ಬಾಗಿಲಲ್ಲಿ ಇಳಿಸಿಬಿಡುವ ಷಟಲ್ ವ್ಯಾನುಗಳದು ಒಂದು ಬಗೆ. ಎಲ್ಲರಿಗೂ ಸೇರಿದ ಬಸ್ಸಿನದು ಇನ್ನೊಂದು. ವ್ಯಾನಿನಲ್ಲಿ ಕುಳಿತವನಿಗೆ ಎರಡು ಹೆಸರುಗಳು ಮಾತ್ರ ತಿಳಿಯುತ್ತವೆ, ಹೊರಟ ಊರಿನದೂ ಸೇರಿದ ಊರಿನದೂ. ನಡುವೆ ಇರುವುದನ್ನು ಕಾಣಬೇಕೆಂಬ ಆಸೆಯೋ, ಕೈಯಲ್ಲಿದ್ದ ಹಣದ ಮಿತಿಯೋ, ಎರಡೂ ಬೆರೆತೋ, ಅಂತೂ ನಾನು ಬಸ್ಸನ್ನೇ ಆರಿಸಿಕೊಂಡೆನು.

ಗ್ವಾಯಾಕಿಲ್ಲಿನ ಬಸ್ಸುನಿಲ್ದಾಣವು ವಿಮಾನನಿಲ್ದಾಣಕ್ಕೆ ಹತ್ತಿರದಲ್ಲಿಯೇ ಇದ್ದು, 1981ರಲ್ಲಿ ವಿಮಾನಾಪಘಾತದಲ್ಲಿ ಮಡಿದ ರಾಷ್ಟ್ರಾಧ್ಯಕ್ಷ ಹೈಮೆ ರೋಲ್ದೋಸ್ ಅವರ ಹೆಸರನ್ನು ಹೊತ್ತಿದೆ. ಹೊರಗಿನಿಂದ ನೋಡಿದವರು ಅದನ್ನು ಪೇಟೆಯೆಂದೇ ಭ್ರಮಿಸುವರು; ಒಳಗೂ ಅದು ಬಹುಪಾಲು ಪೇಟೆಯೇ. ಪಾದರಕ್ಷೆ, ಔಷಧ, ಮಕ್ಕಳ ಆಟಿಕೆ, ಹುರಿದ ಕೋಳಿ, ಮದುವೆಯ ಉಡುಪು ಇವೆಲ್ಲವನ್ನೂ ದಾಟಿದ ಮೇಲೆ, ಟಿಕೇಟಿನ ಕಿಂಡಿಗಳ ದೀರ್ಘವಾದ ಸಾಲು ಎದುರಾಗುತ್ತದೆ. ಬಸ್ಸುಗಳಾದರೋ ಮೇಲಂತಸ್ತುಗಳಿಗೂ ಇಳಿಜಾರು ದಾರಿಯಲ್ಲಿ ಹತ್ತಿಬಂದು ಅಲ್ಲಿಂದಲೇ ಹೊರಡುತ್ತವೆ. ಸಾಂತ ಎಲೆನಾ ಪರ್ಯಾಯದ್ವೀಪದ ಕಡೆಗೆ ಬಸ್ಸು ನಡೆಸುವ ಲಿಬರ್ತಾದ್ ಪೆನಿನ್ಸುಲಾರ್ ಸಹಕಾರಿ ಸಂಘದ ಕಿಂಡಿಯಲ್ಲಿ ಚೀಟಿ ಕೊಂಡೆ. ಹಣ ತೆತ್ತದ್ದು ಅಮೆರಿಕದ ಡಾಲರಿನಲ್ಲಿ. 2000ನೆಯ ಇಸವಿಯ ಆರ್ಥಿಕ ದುರವಸ್ಥೆಯಲ್ಲಿ ಈ ದೇಶವು ತನ್ನ ಸೂಕ್ರೆ ನಾಣ್ಯವನ್ನು ತ್ಯಜಿಸಿ ಪರದೇಶದ ನಾಣ್ಯವನ್ನೇ ತನ್ನದಾಗಿ ಮಾಡಿಕೊಂಡಿತು. ನನ್ನ ಮುಂದೆ ಸಾಲಿನಲ್ಲಿ ನಿಂತಿದ್ದವರಲ್ಲಿ ಸರ್ಫ್ ಹಲಗೆಯನ್ನು ಚೀಲದಲ್ಲಿ ಹೊತ್ತ ಇಬ್ಬರು ತರುಣರನ್ನು ಬಿಟ್ಟರೆ ಉಳಿದವರೆಲ್ಲರೂ ಸಂಸಾರಸ್ಥರು. ಅಕ್ಕಿಯ ಮೂಟೆ, ಪ್ಲಾಸ್ಟಿಕ್ಕಿನ ಕುರ್ಚಿ, ಕಟ್ಟಿದ ಹಾಸಿಗೆ ಇವು ಅವರ ಸಾಮಾನು. ಅಲೆಯೂರಿಗೆ ಹೋಗುವ ಬಸ್ಸು ಅಲೆಗಾಗಿ ಹುಟ್ಟಿಕೊಂಡದ್ದಲ್ಲವೆಂಬುದು ಆ ಸಾಲಿನಲ್ಲಿಯೇ ನನಗೆ ಮನವರಿಕೆಯಾಯಿತು.

ನಗರವನ್ನು ಬಿಡುವುದಕ್ಕೆ ಬಹಳ ಹೊತ್ತು ಹಿಡಿಯಿತು. ನಿರ್ವಾಹಕನು ಬಾಗಿಲಿನಲ್ಲಿ ಒಂದು ಕೈಯಿಂದ ಜೋತುಬಿದ್ದು, ಊರುಗಳ ಹೆಸರನ್ನು ಒಂದೇ ಉಸಿರಿನಲ್ಲಿ ಪೋಣಿಸಿ ಕೂಗುತ್ತಿದ್ದ ರೀತಿಯನ್ನು ಕಂಡು, ಉಡುಪಿ ಮಂಗಳೂರುಗಳ ನಡುವೆ ಓಡುವ ಖಾಸಗಿ ಬಸ್ಸುಗಳ ಕಂಡಕ್ಟರರು ಈತನ ದಾಯಾದಿಗಳೇ ಇರಬೇಕೆಂದುಕೊಂಡೆನು. ಪ್ರತಿಯೊಂದು ಕೂಡುರಸ್ತೆಯಲ್ಲಿಯೂ ವ್ಯಾಪಾರಿಗಳು ಹತ್ತಿ ಮುಂದಿನ ಕೂಡುರಸ್ತೆಯಲ್ಲಿ ಇಳಿಯುತ್ತಿದ್ದರು: ಬಾಳೆಕಾಯಿಯ ಚಿಪ್ಸು ಮಾರುವವನೊಬ್ಬ, ಮರಗೆಣಸಿನ ಹಿಟ್ಟಿಗೆ ಗಿಣ್ಣು ಬೆರೆಸಿ ಸುಟ್ಟ ಬಿಸಿ ಬನ್ನು ಮಾರುವವಳೊಬ್ಬಳು; ಸಕಲ ರೋಗಗಳಿಗೂ ರಾಮಬಾಣವಾದ ಒಂದು ಲೇಪದ ಗುಣಗಳನ್ನು ನಿರರ್ಗಳವಾಗಿ ವರ್ಣಿಸಿ, ಕೊನೆಗೆ ದೇವರ ಹೆಸರಿನಲ್ಲಿ ಎಲ್ಲರ ಕ್ಷಮೆ ಕೇಳಿ ಇಳಿದುಹೋದವನೊಬ್ಬ. ಇವರೆಲ್ಲರ ಧ್ವನಿಯನ್ನೂ ಮೀರಿಸಿ, ಚಾಲಕನ ನೆತ್ತಿಯ ಮೇಲಿನ ಪರದೆಯಲ್ಲಿ ಸ್ಪ್ಯಾನಿಷ್ ಮಾತನಾಡುವ ಅಮೆರಿಕನ್ ವೀರನೊಬ್ಬನು ಅವಿಶ್ರಾಂತವಾಗಿ ಗುಂಡು ಹಾರಿಸುತ್ತಿದ್ದನು. ನಿದ್ರಿಸುವುದು ಅಸಾಧ್ಯ, ಕಿಟಕಿಯ ಹೊರಗೆ ನೋಡುವುದೊಂದೇ ಉಳಿದ ದಾರಿ.

ಹೊರಗೆ ಕಂಡದ್ದಾದರೂ ಏನು? ಭೂಮಧ್ಯರೇಖೆಯ ಸಮೀಪದ ನಾಡೆಂದರೆ ಮಳೆಯೂ ಹಸುರೂ ಉಕ್ಕಿಹರಿಯುವ ನಾಡೆಂದು ಶಾಲೆಯ ಭೂಗೋಳದಲ್ಲಿ ಓದಿಕೊಂಡು ಬಂದವನಿಗೆ, ಗ್ವಾಯಾಕಿಲ್ಲಿನ ಪಶ್ಚಿಮಕ್ಕೆ ಹೊರಟ ಹೆದ್ದಾರಿಯ ಎರಡು ಕಡೆಯಲ್ಲಿಯೂ ಹರಡಿದ ಬೂದುಬಣ್ಣದ ಬಯಲು ಅಚ್ಚರಿಯನ್ನುಂಟುಮಾಡುತ್ತದೆ. ಮುಳ್ಳುಪೊದೆ, ಕಳ್ಳಿ, ಒಣಹುಲ್ಲು, ಮತ್ತೆ ಮುಳ್ಳುಪೊದೆ. ನಡುನಡುವೆ, ಎಲೆಯನ್ನೆಲ್ಲ ಕಳಚಿ ನಿಂತಿದ್ದರೂ ಕಾಂಡದಲ್ಲಿಯೇ ಹಸುರನ್ನು ಹಿಡಿದಿಟ್ಟುಕೊಂಡು, ಉಬ್ಬಿದ ಹೊಟ್ಟೆಯೊಡನೆ ಕೊಂಬೆಗಳನ್ನು ದಿಕ್ಕುದಿಕ್ಕಿಗೆ ಚಾಚಿದ ಸೇಬೊ ಮರಗಳು. ದಕ್ಷಿಣ ಧ್ರುವದ ಕಡೆಯಿಂದ ಪೆರುವಿನ ತೀರವನ್ನು ಸವರಿಕೊಂಡು ಬರುವ ಹಂಬೋಲ್ಟ್ ಎಂಬ ಶೀತಪ್ರವಾಹವು ಈ ವೈಪರೀತ್ಯಕ್ಕೆ ಕಾರಣ. ತಣ್ಣನೆಯ ನೀರಿನ ಮೇಲಿನ ಗಾಳಿ ಮೇಲೇರಲಾರದು, ಮೇಲೇರದ ಗಾಳಿ ಮಳೆಯನ್ನು ಸುರಿಸಲಾರದು. ಆದುದರಿಂದ ಜೂನ್ ತಿಂಗಳಿನಿಂದ ನವೆಂಬರಿನವರೆಗೆ ಇಲ್ಲಿ ಗರೂವ ಎಂಬ ಮಂಜಿನಂಥ ತುಂತುರು ಆಕಾಶವನ್ನೆಲ್ಲ ಮುಚ್ಚಿಕೊಂಡಿರುವುದೇ ಹೊರತು ನೆಲ ನೆನೆಯುವಷ್ಟು ಮಳೆಯಾಗುವುದಿಲ್ಲ. ಡಿಸೆಂಬರ್ ಕಳೆದ ಮೇಲೆ ಉತ್ತರದ ಬೆಚ್ಚನೆಯ ನೀರು ಕೆಳಗಿಳಿದು ಬಂದಾಗ ಬಿಸಿಲೂ ಮಳೆಯೂ ಜೊತೆಯಾಗಿ ಬರುತ್ತವೆ. ಆ ನೀರು ಮಿತಿಮೀರಿ ಬಂದ ವರ್ಷವೇ ಎಲ್ ನೀನ್ಯೊ. 1982ರಿಂದ 83ರವರೆಗೆ ಮತ್ತು 1997ರಿಂದ 98ರವರೆಗೆ ಅದು ಈ ತೀರದ ರಸ್ತೆಗಳನ್ನೂ ಸೇತುವೆಗಳನ್ನೂ ಕೊಚ್ಚಿಕೊಂಡು ಹೋಯಿತು. ನಮ್ಮ ಮುಂಗಾರು ಕೈಕೊಡುವುದೆಂಬ ಭಯದಿಂದ ಕರ್ಣಾಟಕದ ರೈತರು ವೃತ್ತಪತ್ರಿಕೆಗಳಲ್ಲಿ ಓದುವ ಹೆಸರೂ ಅದೇ. ಅದರ ತವರೂರಿನ ರಸ್ತೆಯಲ್ಲಿ ಸಾಗುತ್ತಿದ್ದೇನೆಂಬ ಭಾವನೆಯಿಂದ ಆ ಬೂದುಬಯಲೂ ನನಗೆ ಸ್ವಲ್ಪ ಹತ್ತಿರವಾಯಿತು.

ಪರ್ಯಾಯದ್ವೀಪದ ಮುಖ್ಯಪಟ್ಟಣವಾದ ಸಾಂತ ಎಲೆನಾದಲ್ಲಿ ಬಸ್ಸು ಅರ್ಧ ಖಾಲಿಯಾಗಿ ಮತ್ತೆ ತುಂಬಿಕೊಂಡಿತು. ಇಲ್ಲಿಂದ ದಕ್ಷಿಣಕ್ಕೆ ಆಂಕೋನ್ ಎಂಬಲ್ಲಿ, 1911ರಲ್ಲಿ, ಈ ದೇಶದ ಮೊದಲನೆಯ ತೈಲಬಾವಿಯನ್ನು ಕೊರೆದರು. ಪಶ್ಚಿಮಕ್ಕೆ ಸಲೀನಾಸ್, ಸಿರಿವಂತರ ಬಹುಮಹಡಿಗಳ ಕಡಲತಡಿ. ಆದರೆ ಈ ಪಟ್ಟಣವನ್ನು ನಾನು ನೆನೆಯುವುದು ಇವೆರಡರಿಂದಲ್ಲ. 1970ರ ದಶಕದಲ್ಲಿ ಇಲ್ಲಿಯ ಪುರಾತನ ಶ್ಮಶಾನವೊಂದನ್ನು ಅಗೆಯುತ್ತಿದ್ದ ಪುರಾತತ್ತ್ವಜ್ಞರಿಗೆ, ಪರಸ್ಪರ ಆಲಿಂಗನದಲ್ಲಿ ಮಲಗಿಸಿದ ಒಬ್ಬ ತರುಣ, ಒಬ್ಬಳು ತರುಣಿಯ ಅಸ್ಥಿಪಂಜರಗಳು ದೊರೆತವು. ಆರು ಸಾವಿರ ವರ್ಷಗಳಿಗೂ ಹಿಂದೆ ಅವರನ್ನು ಹೂಳಿದವರು ಮೇಲೆ ದೊಡ್ಡ ಕಲ್ಲುಗಳನ್ನು ಹೇರಿದ್ದರು. ಈ ನೆಲದ ಪುರಾತನ ಹೆಸರಿನಿಂದ ಸುಂಪದ ಪ್ರಣಯಿಗಳೆಂದು ಅವರಿಗೆ ಹೆಸರಾಗಿದೆ. ಅವರನ್ನು ಅಲ್ಲಿಂದ ಕದಲಿಸದೆ ಮೇಲೊಂದು ವಸ್ತುಸಂಗ್ರಹಾಲಯವನ್ನು ಕಟ್ಟಿದ್ದಾರೆ. ಪ್ರಣಯಿಗಳೆಂಬುದು ಈ ಕಾಲದವರ ಊಹೆ. ಕಲ್ಲುಗಳನ್ನೇಕೆ ಹೇರಿದರೆಂಬುದಕ್ಕೆ ಮಾತ್ರ ಯಾರ ಊಹೆಯೂ ನಿಲ್ಲುವುದಿಲ್ಲ.

ಇಲ್ಲಿಂದ ರಸ್ತೆ ಉತ್ತರಕ್ಕೆ ತಿರುಗಿತು, ಎಡಗಡೆಯಲ್ಲಿ ಸಮುದ್ರ ಕಾಣಿಸಿಕೊಂಡಿತು. ಬಸ್ಸಿನ ವೇಗವೂ ಸ್ವಭಾವವೂ ಒಮ್ಮೆಗೇ ಬದಲಾದವು: ಇದುವರೆಗೆ ದೂರವನ್ನು ಕ್ರಮಿಸುವುದೇ ಗುರಿಯಾಗಿದ್ದ ವಾಹನವು ಈಗ ಮನೆಮನೆಗೂ ನಿಲ್ಲತೊಡಗಿತು. ಸಾನ್ ಪಾಬ್ಲೊ, ಮೊಂತೆವೆರ್ದೆ, ಪಲ್ಮಾರ್, ಸಾನ್ ಪೆದ್ರೊ. ಸಮುದ್ರದಿಂದ ದಪ್ಪ ಕೊಳವೆಗಳಲ್ಲಿ ನೀರನ್ನು ಸೆಳೆದುಕೊಂಡು ಸಿಗಡಿಯ ಮರಿಗಳನ್ನು ಬೆಳೆಸುವ ಕಿಟಕಿಯಿಲ್ಲದ ಕಟ್ಟಡಗಳು ದಾರಿಯುದ್ದಕ್ಕೂ ಇವೆ. ಈಕ್ವಡಾರಿನ ಸಿಗಡಿ ಲೋಕದ ಮಾರುಕಟ್ಟೆಗಳಿಗೆಲ್ಲ ಹೋಗುವುದಷ್ಟೆ. ಸಾನ್ ಪೆದ್ರೊದಲ್ಲಿ ದೋಣಿಗಳು ಆಗತಾನೆ ದಡಕ್ಕೆ ಬಂದಿದ್ದವೆಂದು ತೋರುತ್ತದೆ. ಕವಲುಬಾಲದ ಕರಿಯ ಫ್ರಿಗೇಟ್ ಹಕ್ಕಿಗಳು ಬುಟ್ಟಿಗಳ ಮೇಲೆ ಎರಗಿ ಮೀನನ್ನು ಕಸಿಯುತ್ತಿದ್ದವು. ಪೆಲಿಕನ್ನುಗಳು ಹಿರಿಯರ ಗಾಂಭೀರ್ಯದಿಂದ ಸರದಿ ಕಾಯುತ್ತಿದ್ದವು. ತೆರೆದ ಕಿಟಕಿಗಳಿಂದ ಮೀನಿನ ವಾಸನೆ ಒಳನುಗ್ಗಿ ಸಿನಿಮಾವನ್ನು ಕೂಡ ಸೋಲಿಸಿತು. ಸಾಂತ ಎಲೆನಾದಲ್ಲಿ ಹತ್ತಿ ನನ್ನ ಪಕ್ಕದಲ್ಲಿ ಕುಳಿತಿದ್ದ ನಡುವಯಸ್ಸಿನ ಹೆಂಗಸು ತನ್ನ ಕಾಲಬಳಿಯ ಚೀಲದಿಂದ ಈರುಳ್ಳಿಯ ಕಟ್ಟನ್ನು ಸರಿಸಿ ನನ್ನ ಕಾಲಿಗೆ ಜಾಗ ಮಾಡಿಕೊಟ್ಟಳು. ನನ್ನ ಸ್ಪ್ಯಾನಿಷ್ ಅಲ್ಪವಾಗಿದ್ದರೂ ಆಕೆಯ ತಾಳ್ಮೆ ಅಲ್ಪವಾಗಿರಲಿಲ್ಲ. ಕಾದೆಯಾತೆ ಎಂಬ ಗ್ರಾಮ ಅವಳದು. ಬೆಳಗ್ಗೆ ಮೊಂತಾನ್ಯಿತದ ಉಪಾಹಾರಗೃಹವೊಂದರಲ್ಲಿ ಅಡುಗೆ, ಸಂಜೆ ಊರಿಗೆ ವಾಪಸು. ‘ಅಲ್ಲಿ ಮಲಗುವುದಿಲ್ಲವೆ?’ ಎಂದು ಕೇಳಿದೆ. ‘ಅಲ್ಲಿ ಮಲಗುವವರು ಯಾರು?’ ಎಂದು ಆಕೆ ನಕ್ಕುಬಿಟ್ಟಳು.

ಮುಂದಿನ ಊರು ವಾಲ್ದಿವಿಯ. ಬಸ್ಸು ಅಲ್ಲಿ ನಿಂತದ್ದು ಒಂದು ನಿಮಿಷವೂ ಇರಲಾರದು. ಒಂದು ಸೈಕಲ್ಲು ಇಳಿಯಿತು, ಒಂದು ಮಗು ಹತ್ತಿತು. ಆದರೆ ಅಮೆರಿಕ ಖಂಡಗಳ ಪ್ರಾಚೀನ ಇತಿಹಾಸವನ್ನು ಬಲ್ಲವರಿಗೆ ಈ ಧೂಳಿನ ಹಳ್ಳಿಯ ಹೆಸರು ಸಾಮಾನ್ಯವಾದುದಲ್ಲ. ಗ್ವಾಯಾಕಿಲ್ಲಿನ ವರ್ತಕನೂ ಹವ್ಯಾಸದಿಂದ ಪುರಾತತ್ತ್ವಜ್ಞನೂ ಆಗಿದ್ದ ಎಮಿಲಿಯೊ ಎಸ್ತ್ರಾದ 1956ರಲ್ಲಿ ಇಲ್ಲಿ ಅಗೆದು ತೆಗೆದ ಮಡಕೆಯ ಚೂರುಗಳು, ಎರಡು ಅಮೆರಿಕಗಳಲ್ಲಿಯೂ ಅಂದಿಗೆ ಗೊತ್ತಿದ್ದ ಕುಂಭಕಲೆಗಳಲ್ಲೆಲ್ಲ ಅತ್ಯಂತ ಪುರಾತನವೆಂದು ಪರಿಗಣಿತವಾದವು; ಕ್ರಿಸ್ತಪೂರ್ವ 3500ರ ಸುಮಾರಿಗೇ ಇಲ್ಲಿಯ ಜನ ಮಣ್ಣನ್ನು ಸುಟ್ಟು ಪಾತ್ರೆ ಮಾಡುತ್ತಿದ್ದರು, ಅಂಗೈಯಲ್ಲಿ ಹಿಡಿಯುವಷ್ಟು ಪುಟ್ಟದಾದ, ಭಾರವಾದ ಕೇಶಾಲಂಕಾರವುಳ್ಳ ಸ್ತ್ರೀವಿಗ್ರಹಗಳನ್ನು ಮಾಡುತ್ತಿದ್ದರು. ಇಷ್ಟು ಹಳೆಯ ವಿದ್ಯೆ ಇಂಥ ಬೆಸ್ತರ ಹಳ್ಳಿಗೆ ಎಲ್ಲಿಂದ ಬಂತೆಂಬ ಪ್ರಶ್ನೆ ಎದ್ದಾಗ, ಎಸ್ತ್ರಾದನೊಡನೆ ದುಡಿದ ಅಮೆರಿಕದ ವಿದ್ವಾಂಸರಾದ ಬೆಟ್ಟಿ ಮೆಗರ್ಸ್ ಮತ್ತು ಕ್ಲಿಫರ್ಡ್ ಇವಾನ್ಸ್ ದಂಪತಿಗಳು, ಜಪಾನಿನ ಜೋಮೊನ್ ಎಂಬ ಪ್ರಾಚೀನ ಕಾಲದ ಬೆಸ್ತರು ಬಿರುಗಾಳಿಗೆ ಸಿಕ್ಕಿ ತೇಲಿಬಂದು ಕಲಿಸಿರಬೇಕೆಂದು 1965ರಲ್ಲಿ ಪ್ರಕಟವಾದ ತಮ್ಮ ಗ್ರಂಥದಲ್ಲಿ ವಾದಿಸಿದರು. ಕೇಳುವುದಕ್ಕೆ ಮನೋಹರವಾದ ವಾದ. ಆದರೆ ಬಳಿಕ ಒಳನಾಡಿನ ಲೋಮ ಆಲ್ತ, ರೆಯಾಲ್ ಆಲ್ತೊ ಮೊದಲಾದ ನೆಲೆಗಳಲ್ಲಿ, ಕಡಲನ್ನೇ ನೆಚ್ಚದೆ ಹೊಲ ಉತ್ತು ಬಾಳಿದ ಇದೇ ಜನರ ಊರುಗಳು ದೊರೆಯಲಾಗಿ ಜಪಾನಿನ ಬೆಸ್ತರು ಹಿಂದೆ ಸರಿದರು. ಬಡವರ ಮನೆಯಲ್ಲಿ ಚಿನ್ನ ಕಂಡರೆ ಎಲ್ಲಿಂದ ಬಂತೆಂದು ಕೇಳುವ ಅಭ್ಯಾಸ ಪಂಡಿತರಲ್ಲಿಯೂ ಇದೆಯೆಂದು ನನ್ನ ಸಂದೇಹ. ಇಂದು ವಾಲ್ದಿವಿಯದ ಕುಶಲಕರ್ಮಿಗಳು ಅದೇ ವಿಗ್ರಹಗಳ ಪ್ರತಿಕೃತಿಗಳನ್ನು ಮಾಡಿ ಮಾರುತ್ತಾರೆ. ಕೆಲವನ್ನು ಮೊಂತಾನ್ಯಿತದ ಬೀದಿಯಲ್ಲಿ, ಸ್ನಾನದ ಉಡುಪುಗಳ ನಡುವೆ, ನಾನು ಅನಂತರ ಕಂಡೆ.

ಈ ರಸ್ತೆಯನ್ನು ಸರ್ಕಾರದವರು ಸ್ಪಾಂಡಿಲಸ್ ಮಾರ್ಗವೆಂದು ಕರೆಯುತ್ತಾರೆ. ಮುಳ್ಳುಗಳುಳ್ಳ, ಕೆಂಪು ಅಂಚಿನ ಒಂದು ಚಿಪ್ಪಿನ ಪ್ರಾಣಿ ಅದು. ಹಂಬೋಲ್ಟಿನ ತಣ್ಣೀರನ್ನು ಸಹಿಸಲಾರದೆ ಈ ತೀರದಿಂದ ಉತ್ತರಕ್ಕೆ ಹಬ್ಬಿರುವ ಬೆಚ್ಚನೆಯ ನೀರಿನಲ್ಲಿ ಬೆಳೆಯುತ್ತದೆ. ಆಂಡೀಸ್ ಪರ್ವತಗಳ ಜನಕ್ಕೆ ಅದು ಚಿನ್ನಕ್ಕಿಂತ ಪವಿತ್ರವಾಗಿದ್ದಿತು. ಮಳೆಯನ್ನು ಕರೆಯುವುದಕ್ಕೆ ಅದನ್ನು ದೇವತೆಗಳಿಗೆ ಅರ್ಪಿಸುತ್ತಿದ್ದರು. ಆದುದರಿಂದ ಈ ತೀರದವರು ಉಸಿರು ಬಿಗಿಹಿಡಿದು ಮುಳುಗಿ ಚಿಪ್ಪನ್ನು ತೆಗೆದು, ಹಗುರವಾದ ಬಾಲ್ಸ ಮರದ ದಿಮ್ಮಿಗಳನ್ನು ಜೋಡಿಸಿ ಕಟ್ಟಿದ ತೆಪ್ಪಗಳಲ್ಲಿ ದೂರದೂರಕ್ಕೆ ಸಾಗಿಸಿ ವ್ಯಾಪಾರ ಮಾಡುತ್ತಿದ್ದರು. 1526ರಲ್ಲಿ, ಸ್ಪೇನಿನ ದಂಡನಾಯಕ ಪಿಸಾರೊನ ನಾವಿಕನಾದ ಬಾರ್ತೊಲೊಮೆ ರೂಯಿಸ್ ಈ ಸಮುದ್ರದಲ್ಲಿ ಅಂಥದೊಂದು ತೆಪ್ಪವನ್ನು ಎದುರುಗೊಂಡು, ಹತ್ತಿಯ ಹಾಯಿಯನ್ನೂ, ಬೆಳ್ಳಿಬಂಗಾರಗಳನ್ನೂ, ಬಣ್ಣದ ಬಟ್ಟೆಗಳನ್ನೂ ಕಂಡು ಬೆರಗಾದನು. ಆ ಬೆರಗಿನ ಪರಿಣಾಮವಾಗಿ ಮುಂದೆ ಪಿಸಾರೊನ ಕೈಯಲ್ಲಿ ಇಂಕಾ ಸಾಮ್ರಾಜ್ಯಕ್ಕೆ ಏನಾಯಿತೆಂಬುದನ್ನು ಎಲ್ಲರೂ ಬಲ್ಲರು.

ಲಿಬರ್ತಾದೋರ್ ಬೊಲಿವಾರ್ ಎಂಬ ಕರಕುಶಲಿಗಳ ಊರು ಕಳೆದು ಕಾದೆಯಾತೆ ಬಂದಿತು. ಪೂರ್ವದ ಚೊಂಗೋನ್ ಕೊಲೊಂಚೆ ಬೆಟ್ಟಗಳು ಇಲ್ಲಿ ಕಡಲಿಗೆ ಹತ್ತಿರ ಸರಿದು ಮಂಜನ್ನು ಹಿಡಿದು ನಿಲ್ಲಿಸಿಕೊಳ್ಳುವುದರಿಂದ ದೃಶ್ಯವೆಲ್ಲ ಹಸುರಾಗತೊಡಗಿತು. ಆ ತೇವದ ಇಳಿಜಾರುಗಳಲ್ಲಿ ತೊಕೀಯ ಎಂಬ ತಾಳೆಯನ್ನು ಹೋಲುವ ಗಿಡ ಬೆಳೆಯುತ್ತದೆ. ಅದರ ಎಳೆಯ ಗರಿಗಳನ್ನು ಸೀಳಿ, ಕುದಿಸಿ, ಒಣಗಿಸಿ ದೇಶದ ಒಳಭಾಗದ ಹೆಣೆಗಾರರಿಗೆ ಕಳುಹಿಸುತ್ತಾರೆ. ಲೋಕವೆಲ್ಲ ಪನಾಮಾ ಟೋಪಿಯೆಂದು ಕರೆಯುವುದು ಇದೇ ಗರಿಯಿಂದ ಈಕ್ವಡಾರಿನಲ್ಲಿ ಹೆಣೆದ ಟೋಪಿಯನ್ನು. ಪನಾಮಾದ ಬಂದರಿನ ಮೂಲಕ ಮಾರಾಟವಾದ ಕಾರಣಕ್ಕೆ ಕೀರ್ತಿಯೂ ಆ ದೇಶಕ್ಕೇ ಸಂದಿತು. ನನ್ನ ಪಕ್ಕದವಳು ಈರುಳ್ಳಿಯ ಚೀಲವನ್ನೆತ್ತಿಕೊಂಡು ಇಳಿದಳು. ಇಳಿಯುವ ಮುಂಚೆ, ಮೊಂತಾನ್ಯಿತದಲ್ಲಿ ಏನೇನು ತಿನ್ನಬಾರದೆಂಬುದನ್ನು ಬೆರಳುಮಡಿಸಿ ಎಣಿಸಿ ಹೇಳಿದಳು. ತಾನು ಅಡುಗೆ ಮಾಡುವ ಮನೆಯ ಹೆಸರು ಆ ಪಟ್ಟಿಯಲ್ಲಿರಲಿಲ್ಲ.

ಮಂಗ್ಲರಾಲ್ತೊ ಕಳೆದ ಕೆಲವೇ ನಿಮಿಷಗಳಲ್ಲಿ ಮೊಂತಾನ್ಯಿತ. ಬಸ್ಸು ಊರೊಳಗೆ ಹೋಗುವುದಿಲ್ಲ. ಹೆದ್ದಾರಿಯ ಅಂಚಿನಲ್ಲಿಯೇ ಇಳಿಸಿ ಉತ್ತರಕ್ಕೆ ಹೊರಟುಹೋಗುತ್ತದೆ. ನಾಲ್ಕಾರು ಬೀದಿಗಳ ಚೌಕ ಇಡೀ ಊರು. ಗ್ವಾದುವ ಎಂಬ ತೋಳಿನ ಗಾತ್ರದ ಬಿದಿರಿನಿಂದ ಕಟ್ಟಿ, ಗರಿಯ ಮಾಡು ಹೊದಿಸಿದ ಎರಡು ಮೂರು ಅಂತಸ್ತಿನ ಮನೆಗಳು ಒಂದರ ಮೇಲೊಂದು ವಾಲಿದಂತೆ ನಿಂತಿವೆ. ನೆಲಮಟ್ಟದಲ್ಲಿ ಅಂಗಡಿ, ಮೇಲೆ ಬಾಡಿಗೆಯ ಕೋಣೆ, ಅದರ ಮೇಲೆ ಬಲೆಯುಯ್ಯಾಲೆ. ಕಡಲ ಕಡೆಗೆ ಹೋಗುವ ಬೀದಿಯೊಂದರಲ್ಲಿ, ಎರಡು ಪಕ್ಕದಲ್ಲಿಯೂ ಹಣ್ಣುಗಳನ್ನು ಗೋಪುರವಾಗಿ ಪೇರಿಸಿದ ಚಿಕ್ಕ ಗಾಡಿಗಳು, ಒಂದೊಂದರಲ್ಲಿಯೂ ಕಾಕ್ಟೇಲು ಕಲಸುವವನೊಬ್ಬ, ಅವನ ಜೊತೆಗೆ ಅವನದೇ ಆದ ಸಂಗೀತಪೆಟ್ಟಿಗೆ. ಅರ್ಜೆಂಟೈನಾ, ಚಿಲಿ, ಕೊಲಂಬಿಯಗಳ ತರುಣರು ಕೈಬಳೆ ಹೆಣೆದು ಮಾರುತ್ತ ತಿಂಗಳುಗಟ್ಟಲೆ ಇಲ್ಲಿ ನಿಂತುಬಿಡುತ್ತಾರೆ. ಈ ಸ್ವೇಚ್ಛೆಯ ನಾಡಿನ ಕೆಳಗೆ ಹಳೆಯದೊಂದು ಕಟ್ಟಳೆ ಇರುವುದು ಬಹಳ ಮಂದಿಗೆ ಕಾಣುವುದಿಲ್ಲ: 1937ರ ಶಾಸನದ ಪ್ರಕಾರ ಇದೊಂದು ಕೊಮೂನ, ಅರ್ಥಾತ್ ನೆಲವು ಊರವರೆಲ್ಲರಿಗೂ ಸಾಮೂಹಿಕವಾಗಿ ಸೇರಿದ್ದು. ಆ ನೆಲಕ್ಕೆ ಚಿನ್ನದ ಬೆಲೆ ಬಂದ ಮೇಲೆ ತಗಾದೆಗಳು ಹುಟ್ಟದೆ ಇರಲಿಲ್ಲ.

ಗದ್ದಲವನ್ನು ದಾಟಿ ದಂಡೆಯ ಉತ್ತರಕ್ಕೆ ನಡೆದರೆ ಲಾ ಪುಂತ ಎಂಬ ಭೂಶಿರ. ಊರಿನ ಭಾಗ್ಯವೆಲ್ಲ ಈ ಬಂಡೆಯಲ್ಲಿದೆ. ಉತ್ತರ ಪೆಸಿಫಿಕ್ಕಿನ ಚಳಿಗಾಲದಲ್ಲಿ, ಇಲ್ಲಿಂದ ಸಹಸ್ರಾರು ಮೈಲಿಗಳ ದೂರದಲ್ಲಿ ಏಳುವ ಚಂಡಮಾರುತಗಳು ನೀರಿಗೆ ಕೊಟ್ಟ ಕಂಪನವು, ದಾರಿಯಲ್ಲಿ ಸಣ್ಣಪುಟ್ಟ ಅಲೆಗಳನ್ನೆಲ್ಲ ಉದುರಿಸಿ, ದೀರ್ಘವೂ ಕ್ರಮಬದ್ಧವೂ ಆದ ಸಾಲುಗಳಾಗಿ ಡಿಸೆಂಬರಿನಿಂದ ಏಪ್ರಿಲಿನವರೆಗೆ ಇಲ್ಲಿಗೆ ಬಂದು ಮುಟ್ಟುತ್ತದೆ. ನೀರು ಪ್ರಯಾಣ ಮಾಡುವುದಿಲ್ಲ, ಚಲನೆ ಮಾತ್ರ ಪ್ರಯಾಣ ಮಾಡುತ್ತದೆ. ಬಂಡೆಯ ಬಳಿ ಆಳ ಕಡಮೆಯಾದೊಡನೆ ಸಾಲಿನ ಆ ತುದಿ ನಿಧಾನಿಸಿ, ಎತ್ತರಗೊಂಡು, ಬಾಗಿ ಒಡೆಯುತ್ತದೆ. ಉಳಿದ ಸಾಲು ಇನ್ನೂ ಆಳದಲ್ಲಿರುವುದರಿಂದ ಒಡೆಯುವಿಕೆಯು ಒಮ್ಮೆಗೇ ಆಗದೆ, ಭೂಶಿರದಿಂದ ದಕ್ಷಿಣಕ್ಕೆ, ದಂಡೆಗೆ ಮುಖ ಮಾಡಿದವನ ಬಲಗಡೆಗೆ, ಸುರುಳಿ ಬಿಚ್ಚಿದಂತೆ ಸಾಗುತ್ತ ಹೋಗುತ್ತದೆ. ಸವಾರನು ಆ ಬಿಚ್ಚುವ ಅಂಚಿನ ಒಂದು ಮಾರು ಮುಂದೆ ಸದಾ ಇರಬೇಕು. ಹಿಂದೆ ಉಳಿದರೆ ನೊರೆ ನುಂಗುವುದು, ಬಹಳ ಮುಂದೆ ಹೋದರೆ ಅಲೆಗೆ ತಳ್ಳುವ ಶಕ್ತಿಯಿರದು. ಬಸ್ಸಿನಲ್ಲಿ ಬಂದ ತರುಣರಿಬ್ಬರೂ ನೀರಿಗಿಳಿದಿದ್ದರು. ಅವರನ್ನೂ ಇತರ ಪರದೇಶಿಗಳನ್ನೂ ಬದಿಗೊತ್ತಿ, ಹತ್ತು ಹನ್ನೆರಡರ ಪ್ರಾಯದ ಊರಿನ ಹುಡುಗನೊಬ್ಬ ಬಂಡೆಗೆ ತಾಗುವಷ್ಟು ಹತ್ತಿರದಲ್ಲಿ ಅಲೆ ಹಿಡಿದು ದಂಡೆಯವರೆಗೂ ನಿಂತೇ ಬಂದನು.

ಅವನ ಕಾಲಕೆಳಗಿನ ಹಲಗೆ ರಸಾಯನದ ನೊರೆಯಿಂದ ಮಾಡಿದ್ದು. ಆದರೆ 1940 ಮತ್ತು 50ರ ದಶಕಗಳಲ್ಲಿ, ಈ ಕ್ರೀಡೆಯು ಹವಾಯಿಯಿಂದ ಬಂದು ಕ್ಯಾಲಿಫೋರ್ನಿಯದಲ್ಲಿ ಬೇರೂರುತ್ತಿದ್ದಾಗ, ಅಲ್ಲಿಯ ಮಾಲಿಬು ದಂಡೆಯ ಹಲಗೆಗಳನ್ನು ಕೆತ್ತುತ್ತಿದ್ದುದು ಈಕ್ವಡಾರಿನ ಬಾಲ್ಸ ಮರದಿಂದ: ರೂಯಿಸನ ಮುಂದೆ ಹಾಯಿ ಬಿಚ್ಚಿ ಬಂದ ತೆಪ್ಪದ ಅದೇ ಮರ. ಎರಡನೆಯ ಮಹಾಯುದ್ಧದಲ್ಲಿ ಬ್ರಿಟನ್ನಿನ ಮಾಸ್ಕಿಟೊ ವಿಮಾನಗಳ ಮೈಯಾದದ್ದೂ ಅದೇ; 1947ರಲ್ಲಿ ನಾರ್ವೆಯ ಸಾಹಸಿ ಥಾರ್ ಹೆಯರ್ಡಾಲನು ತಾನು ಪೆಸಿಫಿಕ್ ದಾಟಿದ ಕಾನ್‌ಟಿಕಿ ತೆಪ್ಪಕ್ಕಾಗಿ ಕೆವೆದೊ ಕಾಡಿನಲ್ಲಿ ಕಡಿಸಿ ಹೊಳೆಯಲ್ಲಿ ತೇಲಿಸಿ ತಂದದ್ದೂ ಅದೇ. ಈ ತೀರದ ಮರ ಹೊರಗೆ ಹೋಗಿ ಕ್ರೀಡೆಯಾಯಿತು; ಕ್ರೀಡೆ ಇನ್ನೊಬ್ಬರ ಹೆಸರಿನಲ್ಲಿ, ಬೇರೊಂದು ವಸ್ತುವಿನ ಹಲಗೆಯನ್ನು ಹೊತ್ತು ಈ ತೀರಕ್ಕೆ ಮರಳಿತು. ಟೋಪಿಯ ಕಥೆಗೂ ಇದಕ್ಕೂ ಬಹಳ ಅಂತರವಿಲ್ಲ. ನಮ್ಮ ಮೂಲ್ಕಿ, ಸಸಿಹಿತ್ಲುಗಳಲ್ಲಿಯೂ ಈಗ ಬೆಸ್ತರ ಮಕ್ಕಳು ಹಲಗೆಯ ಮೇಲೆ ನಿಂತು ರಾಷ್ಟ್ರಮಟ್ಟದ ಸ್ಪರ್ಧೆಗಳನ್ನು ಗೆಲ್ಲತೊಡಗಿದ್ದಾರೆ. ಆ ಊರುಗಳ ಮೇಲೆ ಬಿದಿರಿನ ಮೂರಂತಸ್ತುಗಳು ಏಳದಿರಲೆಂದು ಹಾರೈಸುವ ಅಧಿಕಾರ, ಎರಡು ದಿನದ ಅತಿಥಿಯಾಗಿ ಬೇರೆಯವರ ಊರಿಗೆ ಹೋಗುವ ನನಗೆ ಇದೆಯೆ ಎಂಬುದು ಬೇರೆ ಮಾತು.

ಸೂರ್ಯ ಮುಳುಗುವ ಹೊತ್ತಿಗೆ ಹೆದ್ದಾರಿಯ ನಿಲುಗಡೆಗೆ ಮರಳಿದೆ. ರಸ್ತೆಯ ಆಚೆಯ ಪಕ್ಕದಲ್ಲಿ, ದಕ್ಷಿಣಕ್ಕೆ ಹೋಗುವ ಬಸ್ಸಿಗಾಗಿ, ಅಡುಗೆಯವರು, ಕೋಣೆ ಗುಡಿಸುವವರು, ಟೋಪಿಗಳನ್ನು ಒಂದರೊಳಗೊಂದು ಸೇರಿಸಿ ಕಂಬದಂತೆ ಹಿಡಿದ ವ್ಯಾಪಾರಿಗಳು ಕಾಯುತ್ತಿದ್ದರು. ಈಚೆಯ ಪಕ್ಕದಲ್ಲಿ ವ್ಯಾನುಗಳು ಒಂದರ ಹಿಂದೊಂದು ಬಂದು, ರಾತ್ರಿಗೆ ಸಿಂಗರಿಸಿಕೊಂಡವರನ್ನು ಇಳಿಸುತ್ತಿದ್ದವು. ಅಲ್ಲಿ ಮಲಗುವವರು ಯಾರೆಂದು ಕೇಳಿದವಳ ಮಾತಿನ ಸತ್ಯ ಅಷ್ಟರಲ್ಲಿಯೇ ಕಿವಿಗೆ ಬಡಿಯತೊಡಗಿತ್ತು, ಏಕೆಂದರೆ ಕಾಕ್ಟೇಲು ಬೀದಿಯ ಸಂಗೀತಪೆಟ್ಟಿಗೆಗಳೆಲ್ಲವೂ ಒಮ್ಮೆಗೇ ಎಚ್ಚೆತ್ತಿದ್ದವು. ಮದ್ಯವಿಲ್ಲದ ನಿಂಬೆರಸವೊಂದನ್ನು ಕೇಳಿದ್ದಕ್ಕೆ ಗಾಡಿಯವನು ಮದ್ಯವಿದ್ದುದರ ಬೆಲೆಯನ್ನೇ ತೆಗೆದುಕೊಂಡು, ಲೋಟ, ಮಂಜುಗಡ್ಡೆ, ಹಾಡು ಮೂರೂ ಅವೇ ಅಲ್ಲವೆ ಎಂದು ಸಮಾಧಾನ ಹೇಳಿದನು. ತರ್ಕದಲ್ಲಿ ದೋಷ ಕಾಣಲಿಲ್ಲ. ಅಷ್ಟರಲ್ಲಿ ಉತ್ತರದ ಬಸ್ಸು ಬಂದಿತು, ಗುಡ್ಡದಾಚೆಯ ಓಲೋನ್ ಎಂಬ ನಿದ್ದೆಯುಳ್ಳ ಹಳ್ಳಿಗೆ ಹೋಗುವುದೆಂದು ನಿರ್ವಾಹಕನು ಕೂಗಿದನು, ನಾನು ಹತ್ತಿದೆ. ಆ ಒಂದು ಲೋಟದ ಬೆಲೆಗೆ ಓಲೋನಿಗೆ ಹಲವು ಸಲ ಹೋಗಿಬರಬಹುದು.